ಊರಿಗೊಂದು ಪ್ಲಗ್, ದೇಶಕ್ಕೊಂದು ಮೋಟಾರು: ಪರದೇಶದ ಮನೆಗಳಿಗಾಗಿ ರೂಪುಗೊಳ್ಳುವ ಬಿಡಿಭಾಗಗಳು

ಹೊರನಾಡಿಗೆ ಬಂದು ನೆಲೆಸಿದ ನಮ್ಮ ಹಿರಿಯರು ಊರಿನಿಂದ ಹಿತ್ತಾಳೆಯ ಪಾತ್ರೆ, ಒರಳುಕಲ್ಲು, ಉಪ್ಪಿನಕಾಯಿಯ ಭರಣಿಗಳನ್ನು ತಂದರು. ಧಾರವಾಡದಲ್ಲಿ ಮಾಡುತ್ತಿದ್ದ ಕೆಲಸವನ್ನೇ ಅವು ಮಾಟುಂಗದಲ್ಲಿಯೂ, ಮೈಲಾಪುರದಲ್ಲಿಯೂ, ಕರೋಲ್ ಬಾಗಿನಲ್ಲಿಯೂ ಮಾಡಿದವು. ಒರಳುಕಲ್ಲಿಗೆ ದೇಶಭೇದವಿಲ್ಲ. ಈಗಿನ ಪೀಳಿಗೆಯ ಪಯಣ ಇನ್ನೂ ದೂರದ್ದು. ಮಗಳು ನ್ಯೂಜೆರ್ಸಿಗೆ, ಮಗ ಫ್ರಾಂಕ್‌ಫರ್ಟಿಗೆ, ಅಳಿಯ ದುಬೈಗೆ ಹೊರಟಾಗ ಪೆಟ್ಟಿಗೆಯಲ್ಲಿ ಮಿಕ್ಸಿಗೂ ಒಂದಿಷ್ಟು ಜಾಗ ಮಾಡಿಕೊಡುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಆದರೆ ಮಿಕ್ಸಿಗೆ ದೇಶಭೇದವಿದೆ. ಇಲ್ಲಿ ಹತ್ತು ವರ್ಷ ದುಡಿಯಬಲ್ಲ ಯಂತ್ರ ಅಲ್ಲಿ ನಿಸ್ತೇಜವಾಗಿ ತಿರುಗಬಹುದು. ಅಲ್ಲಿಂದ ತಂದ ಯಂತ್ರ ಇಲ್ಲಿ ಸ್ವಿಚ್ಚು ಒತ್ತಿದ ಕ್ಷಣಗಳಲ್ಲೇ ಸುಟ್ಟು ಹೋಗಬಹುದು.

ಮಿಕ್ಸಿ, ಫ್ರಿಜ್, ವಾಷಿಂಗ್ ಮಷೀನ್, ಇಸ್ತ್ರಿಪೆಟ್ಟಿಗೆಗಳು ಹೊರನೋಟಕ್ಕೆ ಎಲ್ಲ ದೇಶಗಳಲ್ಲಿಯೂ ಬಹುಮಟ್ಟಿಗೆ ಒಂದೇ ತೆರನಾಗಿ ಕಾಣುತ್ತವೆ. ವ್ಯತ್ಯಾಸವಿರುವುದು ಒಳಗಿನ ಬಿಡಿಭಾಗಗಳಲ್ಲಿ. ಮೋಟಾರಿನ ತಂತಿಸುರುಳಿ, ಕಾಯಿಲ್, ಪ್ಲಗ್ಗಿನ ಪಿನ್ನು, ನೀರಿನ ವಾಲ್ವ್, ಬಾಗಿಲಿನ ರಬ್ಬರು, ತಂತಿಗಳನ್ನು ಹಿಡಿದಿಡುವ ಪ್ಲಾಸ್ಟಿಕ್ಕು, ಇವೆಲ್ಲವೂ ಯಾವ ದೇಶದ ಮನೆಗೆ ಹೋಗಬೇಕೋ ಆ ಮನೆಯ ವಿದ್ಯುತ್ತು, ನೀರು, ಹವೆ ಹಾಗೂ ಕಾನೂನಿಗೆ ತಕ್ಕಂತೆ ರೂಪುಗೊಂಡಿರುತ್ತವೆ. ತಾನು ಎಂದೂ ನೋಡದ ಮನೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ವಿನ್ಯಾಸಕಾರನು ಅವುಗಳ ಅಳತೆಯನ್ನು ನಿರ್ಧರಿಸಬೇಕಾಗುತ್ತದೆ. ಈ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ವೋಲ್ಟೇಜು: ಮೊದಲನೆಯ ಲೆಕ್ಕ

ಭಾರತದ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಯುರೋಪಿನಲ್ಲಿಯೂ ಅಷ್ಟೇ. ಅಮೆರಿಕ ಮತ್ತು ಕೆನಡಾಗಳಲ್ಲಿ ಸಾಮಾನ್ಯ ಸಾಕೆಟ್ಟಿನಲ್ಲಿ ಸಿಗುವುದು 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್. ಬ್ರೆಜಿಲ್ಲಿನಲ್ಲಿ ಕೆಲವು ಊರುಗಳಿಗೆ 127 ವೋಲ್ಟ್, ಇನ್ನು ಕೆಲವಕ್ಕೆ 220 ವೋಲ್ಟ್. ಈ ಭೇದಗಳ ಮೂಲ ಚರಿತ್ರೆಯಲ್ಲಿದೆ. ಎಡಿಸನ್ನರ ಕಾಲದ ದೀಪಗಳು 110 ವೋಲ್ಟಿನ ಆಸುಪಾಸಿನಲ್ಲಿ ಉರಿಯುತ್ತಿದ್ದವು. ಅಮೆರಿಕ ಆ ದಾರಿಯನ್ನೇ ಹಿಡಿದು ಮುಂದುವರಿಯಿತು. ವೋಲ್ಟೇಜು ಹೆಚ್ಚಿಸಿದರೆ ಕಡಿಮೆ ತಾಮ್ರದಲ್ಲಿ ಹೆಚ್ಚು ಶಕ್ತಿಯನ್ನು ಸಾಗಿಸಬಹುದೆಂದು ಕಂಡುಕೊಂಡ ಯುರೋಪು ಸುಮಾರು ಅದರ ಎರಡರಷ್ಟಕ್ಕೆ ಏರಿತು. ಒಮ್ಮೆ ಕೋಟ್ಯಂತರ ಮನೆಗಳಲ್ಲಿ ತಂತಿ ಎಳೆದ ಮೇಲೆ ಅದನ್ನು ಬದಲಿಸುವುದು ಯಾವ ಸರಕಾರಕ್ಕೂ ಸುಲಭವಲ್ಲ.

ಇದರ ಪರಿಣಾಮವನ್ನು ಇಸ್ತ್ರಿಪೆಟ್ಟಿಗೆಯ ಉದಾಹರಣೆಯಿಂದ ತಿಳಿಯಬಹುದು. 230 ವೋಲ್ಟಿನಲ್ಲಿ 1000 ವಾಟ್ ಶಾಖ ಕೊಡಬೇಕಾದ ಕಾಯಿಲಿನ ರೋಧ ಸುಮಾರು 53 ಓಮ್ ಇರುತ್ತದೆ. ಅದನ್ನೇ ಅಮೆರಿಕದ 120 ವೋಲ್ಟಿಗೆ ಜೋಡಿಸಿದರೆ ಸಿಗುವುದು ಸುಮಾರು 270 ವಾಟ್ ಮಾತ್ರ. ಅಂಗಿಯ ಸುಕ್ಕು ಹೋಗುವುದಿಲ್ಲ. ಇದರ ವಿಲೋಮ ಅಪಾಯಕಾರಿ. 120 ವೋಲ್ಟಿನಲ್ಲಿ 1000 ವಾಟ್ ಕೊಡುವ ಅಮೆರಿಕದ ಇಸ್ತ್ರಿಪೆಟ್ಟಿಗೆಯ ರೋಧ 14.4 ಓಮ್. ಅದನ್ನು ನಮ್ಮ ಮನೆಯಲ್ಲಿ ಜೋಡಿಸಿದರೆ 3600 ವಾಟಿಗೂ ಮೀರಿದ ಶಾಖ ಹೊರಡುತ್ತದೆ. ವೋಲ್ಟೇಜು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ ಎಂಬುದೇ ಇದರ ಹಿಂದಿನ ಸೂತ್ರ.

ಮೋಟಾರಿನ ವಿಷಯವೂ ಹೀಗೆಯೇ. 750 ವಾಟಿನ ಮಿಕ್ಸಿ ನಮ್ಮಲ್ಲಿ ಸುಮಾರು 3.3 ಆಂಪಿಯರ್ ವಿದ್ಯುತ್ತನ್ನು ಎಳೆದರೆ, 120 ವೋಲ್ಟಿಗಾಗಿ ಮಾಡಿದ ಅದೇ ಶಕ್ತಿಯ ಮಿಕ್ಸಿ 6.3 ಆಂಪಿಯರ್ ಎಳೆಯುತ್ತದೆ. ಆದುದರಿಂದ ಅಮೆರಿಕಕ್ಕೆ ಕಳಿಸುವ ಮಿಕ್ಸಿಯ ಮೋಟಾರಿನಲ್ಲಿ ಸುತ್ತುಗಳ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸಿ, ತಂತಿಯ ದಪ್ಪವನ್ನು ಹೆಚ್ಚಿಸಬೇಕು. ಸ್ವಿಚ್ಚು, ಕಾರ್ಬನ್ ಬ್ರಷ್, ವಯರು ಎಲ್ಲವೂ ಹೆಚ್ಚಿನ ವಿದ್ಯುತ್ತನ್ನು ತಾಳುವಂತಿರಬೇಕು. ಹೊರಕವಚ ಮತ್ತು ಜಾರುಗಳು ಒಂದೇ ಆಗಿದ್ದರೂ ಒಳಗಿನದು ಬೇರೆಯೇ ಯಂತ್ರ.

ಆವರ್ತನ: ಎರಡನೆಯ ಲೆಕ್ಕ

ವೋಲ್ಟೇಜನ್ನು ಬದಲಿಸಲು ಟ್ರಾನ್ಸ್‌ಫಾರ್ಮರ್ ಇದೆ ಎಂದು ಬಹಳ ಮಂದಿ ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಟ್ರಾನ್ಸ್‌ಫಾರ್ಮರ್ ವಿದ್ಯುತ್ತಿನ ಆವರ್ತನವನ್ನು, ಅಂದರೆ ಸೆಕೆಂಡಿಗೆ ಅದು ಎಷ್ಟು ಬಾರಿ ದಿಕ್ಕು ಬದಲಿಸಿ ಸುತ್ತು ಮುಗಿಸುತ್ತದೆ ಎಂಬುದನ್ನು, ಬದಲಿಸಲಾರದು. ಇದು ಎಲ್ಲ ಯಂತ್ರಗಳಿಗೂ ಒಂದೇ ರೀತಿ ತೊಂದರೆ ಕೊಡುವುದಿಲ್ಲ. ಮನೆಯ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಮೋಟಾರುಗಳಿವೆ.

ಮಿಕ್ಸಿಯಲ್ಲಿರುವುದು ಕಾರ್ಬನ್ ಬ್ರಷ್‌ಗಳಿರುವ ‘ಯೂನಿವರ್ಸಲ್’ ಮೋಟಾರು. ಇದರ ವೇಗ ಆವರ್ತನವನ್ನು ಅವಲಂಬಿಸಿಲ್ಲ. ಆದುದರಿಂದ ನಮ್ಮ ಮಿಕ್ಸಿಗೆ ಅಮೆರಿಕದಲ್ಲಿ ತಕ್ಕ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಒದಗಿಸಿದರೆ ಅದು ಸರಿಯಾಗಿಯೇ ನಡೆಯುತ್ತದೆ. ಇಡ್ಲಿ, ದೋಸೆಗೆ ಹಿಟ್ಟು ರುಬ್ಬುವ ವೆಟ್ ಗ್ರೈಂಡರಿನಲ್ಲಿ ಮತ್ತು ಹಳೆಯ ಬಗೆಯ ಫ್ರಿಜ್ಜಿನ ಕಂಪ್ರೆಸರಿನಲ್ಲಿ ಇರುವುದು ‘ಇಂಡಕ್ಷನ್’ ಮೋಟಾರು. ಇದು ವಿದ್ಯುತ್ತಿನ ತಾಳಕ್ಕೆ ತಕ್ಕಂತೆ ಹೆಜ್ಜೆ ಹಾಕುವ ಯಂತ್ರ. ನಾಲ್ಕು ಧ್ರುವಗಳ ಮೋಟಾರಿನ ಮೂಲವೇಗ 50 ಹರ್ಟ್ಸಿನಲ್ಲಿ ನಿಮಿಷಕ್ಕೆ 1500 ಸುತ್ತು. 60 ಹರ್ಟ್ಸಿನಲ್ಲಿ 1800. ವೇಗ ಶೇಕಡಾ 20ರಷ್ಟು ಏರುತ್ತದೆ, ಆದರೆ ತಿರುಗಿಸುವ ಬಲ ಕುಗ್ಗುತ್ತದೆ. 60 ಹರ್ಟ್ಸಿಗೆ ರೂಪಿಸಿದ ಮೋಟಾರನ್ನು ಅದೇ ವೋಲ್ಟೇಜಿನ 50 ಹರ್ಟ್ಸಿನಲ್ಲಿ ನಡೆಸಿದರಂತೂ ಅದರ ಕಬ್ಬಿಣದ ತಿರುಳು ತನ್ನ ಮಿತಿಯನ್ನು ಮೀರಿ ಕಾಂತಗೊಂಡು, ಮೋಟಾರು ಕಾಯತೊಡಗುತ್ತದೆ.

ಈ ವಿಷಯದಲ್ಲಿ ಜಪಾನಿನ ಕಥೆ ಸ್ವಾರಸ್ಯಕರ. 19ನೆಯ ಶತಮಾನದ ಕೊನೆಯಲ್ಲಿ ಟೋಕಿಯೋ ನಗರ ಜರ್ಮನಿಯಿಂದ 50 ಹರ್ಟ್ಸಿನ ಜನರೇಟರುಗಳನ್ನು ತರಿಸಿತು. ಒಸಾಕಾ ಅಮೆರಿಕದಿಂದ 60 ಹರ್ಟ್ಸಿನವನ್ನು ತರಿಸಿತು. ಇಂದಿಗೂ ಪೂರ್ವ ಜಪಾನು 50, ಪಶ್ಚಿಮ ಜಪಾನು 60 ಹರ್ಟ್ಸಿನಲ್ಲಿ ನಡೆಯುತ್ತದೆ. 2011ರ ಮಾರ್ಚಿನಲ್ಲಿ ಭೂಕಂಪ ಮತ್ತು ಸುನಾಮಿಯಿಂದ ಪೂರ್ವಭಾಗದ ವಿದ್ಯುತ್ ಸ್ಥಾವರಗಳು ನಿಂತಾಗ, ಪಶ್ಚಿಮದಲ್ಲಿದ್ದ ವಿದ್ಯುತ್ತನ್ನು ಬೇಕಾದಷ್ಟು ಅತ್ತ ಹರಿಸಲಾಗಲಿಲ್ಲ. ಆವರ್ತನ ಬದಲಿಸುವ ಕೇಂದ್ರಗಳ ಸಾಮರ್ಥ್ಯ ಅಷ್ಟಿರಲಿಲ್ಲ. ಒಂದೇ ದೇಶದೊಳಗೆ ಮನೆ ಬದಲಿಸುವವರಿಗಾಗಿ ಅಲ್ಲಿನ ತಯಾರಕರು ಎರಡೂ ಆವರ್ತನಗಳಲ್ಲಿ ನಡೆಯುವ ಯಂತ್ರಗಳನ್ನು ಬಹಳ ಹಿಂದೆಯೇ ರೂಪಿಸಬೇಕಾಯಿತು.

ಪ್ಲಗ್ಗಿನೊಳಗಿನ ಚರಿತ್ರೆ

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ನಿರ್ಲಕ್ಷ್ಯಕ್ಕೆ ಗುರಿಯಾದ ಬಿಡಿಭಾಗವೆಂದರೆ ಪ್ಲಗ್. ನಮ್ಮ ಮೂರು ದುಂಡು ಪಿನ್ನಿನ ಪ್ಲಗ್ ಬ್ರಿಟಿಷರ ಹಳೆಯ ಮಾದರಿಯಿಂದ ಬಂದದ್ದು. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ, ಬ್ರಿಟನ್ ತನ್ನಲ್ಲಿ ಚಪ್ಪಟೆ ಪಿನ್ನುಗಳ, ಒಳಗೆ ಫ್ಯೂಸ್ ಇರುವ 13 ಆಂಪಿಯರಿನ ಹೊಸ ಪ್ಲಗ್ಗನ್ನು ಜಾರಿಗೆ ತಂದಿತು. ತಾಮ್ರದ ಅಭಾವವಿದ್ದ ಆ ಕಾಲದಲ್ಲಿ ಮನೆಯ ಸಾಕೆಟ್ಟುಗಳನ್ನೆಲ್ಲ ಒಂದೇ ಬಳೆಯಾಕಾರದ ತಂತಿಯಲ್ಲಿ ಜೋಡಿಸುವ ಪದ್ಧತಿ ಬಂತು. ಆ ತಂತಿಯ ಮುಖ್ಯ ಫ್ಯೂಸ್ ದೊಡ್ಡದಾದ್ದರಿಂದ ಪ್ರತಿ ಯಂತ್ರದ ವಯರಿಗೆ ಪ್ಲಗ್ಗಿನೊಳಗೇ ಬೇರೆ ರಕ್ಷಣೆ ಬೇಕಾಯಿತು. ಬ್ರಿಟನ್ ತೊರೆದ ದುಂಡು ಪಿನ್ನನ್ನು ನಾವು ಉಳಿಸಿಕೊಂಡೆವು. ದಕ್ಷಿಣ ಆಫ್ರಿಕವೂ ನಮ್ಮ 16 ಆಂಪಿಯರಿನ ದೊಡ್ಡ ಪ್ಲಗ್ಗಿನ ಮಾದರಿಯನ್ನೇ ಉಳಿಸಿಕೊಂಡಿತ್ತು.

ನಮ್ಮ ಪ್ಲಗ್ಗಿನ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದನ್ನು ಓದುಗರು ಗಮನಿಸಿರಬಹುದು. ಅದು ಅರ್ತಿಂಗಿನ ಪಿನ್ನು. ಪ್ಲಗ್ ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ತಾಗುತ್ತದೆ, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ಯಂತ್ರದ ಲೋಹದ ಮೈಗೆ ಒಳಗಿನ ತಂತಿ ತಗುಲಿದ್ದರೆ, ವಿದ್ಯುತ್ತು ಮುಟ್ಟಿದವರ ಮೈಯ ಮೂಲಕ ಹರಿಯುವ ಬದಲು ಈ ದಾರಿಯಲ್ಲಿ ನೆಲಕ್ಕಿಳಿದು ಫ್ಯೂಸನ್ನು ಹಾರಿಸಲಿ ಎಂಬುದು ಉದ್ದೇಶ. ಸುರಕ್ಷಿತ ಸಾಕೆಟ್ಟುಗಳಲ್ಲಿ ಉಳಿದ ಎರಡು ರಂಧ್ರಗಳ ಮುಚ್ಚಳವನ್ನು ತೆರೆಯುವುದೂ ಇದೇ ಪಿನ್ನು.

ಜರ್ಮನಿ ಮುಂತಾದ ದೇಶಗಳ ‘ಶುಕೋ’ ಪ್ಲಗ್ಗಿಗೆ ಎರಡೇ ದುಂಡು ಪಿನ್ನು. ಅರ್ತಿಂಗ್ ಪಕ್ಕದ ಲೋಹದ ಪಟ್ಟಿಗಳಲ್ಲಿರುತ್ತದೆ. ಈ ಪ್ಲಗ್ಗನ್ನು ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ. ಬಳಸುವವರಿಗೆ ಇದು ಅನುಕೂಲ, ವಿನ್ಯಾಸಕಾರನಿಗೆ ತೊಡಕು. ಏಕೆಂದರೆ ಯಾವ ತಂತಿ ಫೇಸ್, ಯಾವುದು ನ್ಯೂಟ್ರಲ್ ಎಂದು ಅವನು ಊಹಿಸುವಂತಿಲ್ಲ. ನಮ್ಮಲ್ಲಿ ಫೇಸ್ ತಂತಿಯೊಂದನ್ನು ಕಡಿದರೆ ಸಾಕು ಎನ್ನುವ ಕಡೆ, ಅಲ್ಲಿ ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಸ್ವಿಚ್ಚು ಬೇಕಾಗಬಹುದು. ಅಮೆರಿಕದ ಎರಡು ಚಪ್ಪಟೆ ಪಿನ್ನಿನ ಪ್ಲಗ್ಗುಗಳಲ್ಲಿ ಒಂದು ಪಿನ್ನು ತುಸು ಅಗಲವಾಗಿರುವುದು ಈ ಗೊಂದಲವನ್ನು ತಪ್ಪಿಸಲೆಂದೇ. ವಯರುಗಳ ಬಣ್ಣವೂ ಬೇರೆ. ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತಿಂಗ್. ಅಮೆರಿಕದ ಮನೆಯ ಗೋಡೆಯೊಳಗೆ ಕಪ್ಪು ಫೇಸ್, ಬಿಳಿ ನ್ಯೂಟ್ರಲ್. ನಮ್ಮ ಹಳೆಯ ಮನೆಗಳಲ್ಲಿ ಕಪ್ಪು ಎಂದರೆ ನ್ಯೂಟ್ರಲ್! ಬಣ್ಣ ನೋಡಿ ಕೈ ಹಾಕುವವರಿಗೆ ಇದು ಪ್ರಾಣದ ಪ್ರಶ್ನೆ.

ಪ್ರಪಂಚಕ್ಕೆಲ್ಲ ಒಂದೇ ಪ್ಲಗ್ ಇರಬಾರದೇ? ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು, ಅಂದರೆ 1906ರಲ್ಲಿ ಸ್ಥಾಪನೆಯಾಗಿ ಈಗ ಜಿನೀವಾದಲ್ಲಿ ನೆಲೆಯಿರುವ ಐಇಸಿಯು, 1986ರಲ್ಲಿ ಅಂಥದೊಂದು ಮಾದರಿಯನ್ನು ಪ್ರಕಟಿಸಿತು. ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಗಳು ಅದರ ಆಧಾರದ ಮೇಲೆ ತಮ್ಮ ಪ್ಲಗ್ಗನ್ನು ರೂಪಿಸಿಕೊಂಡವು. ಉಳಿದವರು ತಮ್ಮ ತಮ್ಮ ಗೋಡೆಗಳನ್ನು ಒಡೆಯಲು ಮುಂದಾಗಲಿಲ್ಲ.

ಅಡಿಗೆ, ನೀರು ಮತ್ತು ಹವೆ

ವಿದ್ಯುತ್ತು ಸರಿಹೊಂದಿದರೆ ಎಲ್ಲವೂ ಸರಿಹೋಯಿತೆಂದಲ್ಲ. ಮನೆಯವರು ಯಂತ್ರದಿಂದ ಏನು ಕೆಲಸ ಮಾಡಿಸುತ್ತಾರೆ ಎಂಬುದು ಅಷ್ಟೇ ಮುಖ್ಯ. ಇದಕ್ಕೆ ಮುಂಬಯಿಯಲ್ಲಿಯೇ ಒಳ್ಳೆಯ ನಿದರ್ಶನವಿದೆ. 1960ರ ದಶಕದಲ್ಲಿ ಇಲ್ಲಿನ ಇಂಜಿನಿಯರ್ ಸತ್ಯಪ್ರಕಾಶ ಮಾಥುರ್ ಅವರ ಪತ್ನಿ ಮಾಧುರಿ ಬಳಸುತ್ತಿದ್ದ ವಿದೇಶೀ ಮಿಕ್ಸರ್ ಕೆಟ್ಟುಹೋಯಿತು. ಹಣ್ಣಿನ ರಸ, ಸೂಪುಗಳಿಗಾಗಿ ರೂಪಿಸಿದ ಅಂಥ ಯಂತ್ರಗಳಿಗೆ ನೆನೆಸಿದ ಅಕ್ಕಿ, ಉದ್ದು, ಒಣ ಅರಿಶಿನಗಳ ಹೊರೆ ತಾಳುವ ಶಕ್ತಿ ಇರಲಿಲ್ಲ. ಮಾಥುರ್ ಅವರು ನಮ್ಮ ಅಡಿಗೆಗೆ ತಕ್ಕ ಬಲವಾದ ಮೋಟಾರನ್ನು ರೂಪಿಸಿದರು. ಅದೇ ಮುಂದೆ ‘ಸುಮೀತ್’ ಎಂಬ ಹೆಸರಿನಿಂದ ಮನೆಮಾತಾಯಿತು.

ನಮ್ಮ ಮಿಕ್ಸಿಯ ಒಂದೊಂದು ಬಿಡಿಭಾಗದಲ್ಲಿಯೂ ಈ ಅಡಿಗೆಯ ಗುರುತಿದೆ. ತಳದಲ್ಲಿರುವ ಕೆಂಪು ಗುಂಡಿ ಹೊರೆ ಮೀರಿದಾಗ ತಾನಾಗಿ ಹೊರಬಂದು ಮೋಟಾರನ್ನು ನಿಲ್ಲಿಸುತ್ತದೆ. ಜಾರು ಕೂರುವ ಜಾಗದ ಹಲ್ಲಿನ ಕಪ್ಲರ್ ಬೇಕೆಂದೇ ಮೆದು ವಸ್ತುವಿನದು. ಜಾರು ಸಿಕ್ಕಿಹಾಕಿಕೊಂಡರೆ ಕೆಲವೇ ರೂಪಾಯಿಗಳ ಈ ಭಾಗ ಸವೆದು ಹೋಗಲಿ, ಮೋಟಾರು ಉಳಿಯಲಿ ಎಂಬುದು ಲೆಕ್ಕ. ಹೊರದೇಶದ ಅಡಿಗೆಮನೆಗಾಗಿ ಬ್ಲೆಂಡರ್ ರೂಪಿಸುವ ಇಂಜಿನಿಯರನ ಮುಂದಿರುವುದು ಮಂಜುಗಡ್ಡೆ, ಹಣ್ಣಿನ ಹೋಳುಗಳು. ಅವನ ಬ್ಲೇಡಿನ ಆಕಾರವೂ ಜಾರಿನ ಆಕಾರವೂ ಬೇರೆಯಾಗುವುದು ಸಹಜ.

ವಾಷಿಂಗ್ ಮಷೀನಿನಲ್ಲಿ ನೀರು ಮಾತನಾಡುತ್ತದೆ. ಯುರೋಪಿನ ಯಂತ್ರ ತಣ್ಣೀರನ್ನು ತೆಗೆದುಕೊಂಡು ತನ್ನೊಳಗಿನ ಹೀಟರಿನಿಂದಲೇ ಕಾಯಿಸುತ್ತದೆ. ಅಮೆರಿಕದಲ್ಲಿ ಒಂದು ಸಾಮಾನ್ಯ ಸಾಕೆಟ್ಟಿನಿಂದ ಗರಿಷ್ಠ 1800 ವಾಟ್ ಮಾತ್ರ ಸಿಗುವುದರಿಂದ, ಸಾಂಪ್ರದಾಯಿಕ ಯಂತ್ರಗಳು ಬಿಸಿನೀರು ಮತ್ತು ತಣ್ಣೀರುಗಳನ್ನು ಎರಡು ಬೇರೆ ನಲ್ಲಿಗಳಿಂದ ಪಡೆಯುತ್ತವೆ. ನಮ್ಮಲ್ಲಿನ ಕಷ್ಟ ಇನ್ನೊಂದು ಬಗೆಯದು. ಮಹಡಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಒತ್ತಡ ಕಡಿಮೆ. ಟ್ಯಾಂಕು ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್. ಊರಿನ ಕೊಳವೆಯ ಭರಪೂರ ಒತ್ತಡಕ್ಕಾಗಿ ರೂಪಿಸಿದ ವಾಲ್ವ್ ಅಲ್ಲಿ ಸರಿಯಾಗಿ ತೆರೆಯದೆ, ನೀರು ತುಂಬುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ಗಡಸು ನೀರಿರುವ ಬಡಾವಣೆಗಳಲ್ಲಿ ಹೀಟರಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ.

ಫ್ರಿಜ್ಜಿಗೆ ಹವೆಯ ಲೆಕ್ಕ. ಸುತ್ತಲಿನ ಕೋಣೆಯ ಉಷ್ಣತೆಗೆ ಅನುಗುಣವಾಗಿ ಅಂತಾರಾಷ್ಟ್ರೀಯ ಮಾನದಂಡದಲ್ಲಿ ನಾಲ್ಕು ಹವಾಮಾನ ವರ್ಗಗಳಿವೆ. ‘ಎನ್’ ವರ್ಗದ ಫ್ರಿಜ್ 16ರಿಂದ 32 ಡಿಗ್ರಿಯವರೆಗಿನ ಕೋಣೆಗಾಗಿ ಇದ್ದರೆ, ‘ಟಿ’ ಎಂಬ ಉಷ್ಣವಲಯದ ವರ್ಗದ್ದು 43 ಡಿಗ್ರಿಯವರೆಗೂ ಕೆಲಸ ಮಾಡಬೇಕು. ಹೈದರಾಬಾದ್, ದೆಹಲಿಗಳ ಬೇಸಗೆಯನ್ನು ಬಲ್ಲವರಿಗೆ ಈ ವ್ಯತ್ಯಾಸದ ಅರ್ಥ ಹೇಳಬೇಕಾಗಿಲ್ಲ. ಎತ್ತರವೂ ಲೆಕ್ಕಕ್ಕೆ ಬರುತ್ತದೆ. ತೆಳು ಗಾಳಿಯಲ್ಲಿ ಕಿಡಿ ಸುಲಭವಾಗಿ ಹಾರುತ್ತದೆ. ಆದುದರಿಂದ ಸಮುದ್ರಮಟ್ಟದಿಂದ 2000 ಮೀಟರಿಗಿಂತ ಮೇಲಿನ ಊರುಗಳಿಗೆ ವಿದ್ಯುತ್ ಭಾಗಗಳ ನಡುವಿನ ಗಾಳಿಯ ಅಂತರವನ್ನು ಹೆಚ್ಚಿಸಬೇಕು. 4000 ಮೀಟರ್ ಎತ್ತರಕ್ಕೆ ಈ ಹೆಚ್ಚಳ ಸುಮಾರು ಶೇಕಡಾ 29. ಲೇಹ್ ಅಥವಾ ಬೊಲಿವಿಯಾದ ಲಾ ಪಾಝ್ ನಗರಕ್ಕೆ ಹೋಗುವ ಯಂತ್ರದಲ್ಲಿ ಇದನ್ನು ಮರೆಯುವಂತಿಲ್ಲ.

ಸಾವುನೋವುಗಳು ಬರೆಸಿದ ನಿಯಮಗಳು

ಬಿಡಿಭಾಗಗಳ ಕುರಿತ ನಿಯಮಗಳು ಒಣ ಸಂಖ್ಯೆಗಳ ಪಟ್ಟಿಯಂತೆ ಕಾಣುತ್ತವೆ. ಅವುಗಳಲ್ಲಿ ಹಲವು ಯಾವುದೋ ಮನೆಯ ದುಃಖದಿಂದ ಹುಟ್ಟಿದವು.

ಹಿಂದೆ ಫ್ರಿಜ್ಜಿನ ಬಾಗಿಲಿಗೆ ಹೊರಗಿನಿಂದ ಮಾತ್ರ ತೆರೆಯಬಲ್ಲ ಲೋಹದ ಅಗುಳಿ ಇರುತ್ತಿತ್ತು. ಅಮೆರಿಕದಲ್ಲಿ ಎಸೆದ ಫ್ರಿಜ್ಜುಗಳೊಳಗೆ ಆಟವಾಡುತ್ತ ಅಡಗಿಕೊಂಡ ಮಕ್ಕಳು ಹೊರಬರಲಾಗದೆ ಉಸಿರುಕಟ್ಟಿ ಸತ್ತ ಪ್ರಸಂಗಗಳು ಮತ್ತೆ ಮತ್ತೆ ನಡೆದವು. 1956ರಲ್ಲಿ ಅಲ್ಲಿನ ಸಂಸತ್ತು ಕಾನೂನೊಂದನ್ನು ಮಾಡಿತು. 1958ರ ಅಕ್ಟೋಬರ್ 30ರಿಂದ ತಯಾರಾಗುವ ಫ್ರಿಜ್ಜುಗಳ ಬಾಗಿಲು ಒಳಗಿನಿಂದಲೂ ಸುಲಭವಾಗಿ ತೆರೆಯುವಂತಿರಬೇಕೆಂದು ನಿಯಮವಾಯಿತು. ಅಗುಳಿಯ ಜಾಗಕ್ಕೆ ಅಯಸ್ಕಾಂತವನ್ನು ಒಳಗೊಂಡ ರಬ್ಬರಿನ ಪಟ್ಟಿ ಬಂತು. ಇಂದು ನಮ್ಮೆಲ್ಲರ ಮನೆಯ ಫ್ರಿಜ್ಜಿನ ಬಾಗಿಲನ್ನು ಹಿಡಿದಿರುವುದು ಅದೇ ಪಟ್ಟಿ. ಒಳಗಿನಿಂದ ಮಗುವೊಂದು ತಳ್ಳಿದರೂ ತೆರೆಯುವಷ್ಟು ಮೆದುವಾಗಿ, ತಂಪು ಸೋರದಷ್ಟು ಬಿಗಿಯಾಗಿ ಅದನ್ನು ರೂಪಿಸುವುದೇ ವಿನ್ಯಾಸದ ಜಾಣ್ಮೆ.

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಮಂದಿ ಬೆಂಕಿಗೆ ಬಲಿಯಾದರು. ಬೆಂಕಿ ಕಟ್ಟಡಕ್ಕೆಲ್ಲ ಹಬ್ಬಲು ಮುಖ್ಯ ಕಾರಣ ಹೊರಗೋಡೆಯ ಉರಿಯಬಲ್ಲ ಹೊದಿಕೆ. ಆದರೆ ಅದು ಹುಟ್ಟಿದ್ದು ನಾಲ್ಕನೆಯ ಮಹಡಿಯ ಅಡಿಗೆಮನೆಯೊಂದರ ಫ್ರಿಜ್ಜಿನ ಬಳಿ ಎಂದು ವಿಚಾರಣೆಯಲ್ಲಿ ಕಂಡುಬಂತು. ದೋಷ ಇಂಥದೇ ಎಂದು ವಿಚಾರಣೆ ಖಚಿತವಾಗಿ ನಿರ್ಣಯಿಸಲಿಲ್ಲ. ಕಂಪ್ರೆಸರಿನ ಬಳಿಯ ಒಂದು ಸಣ್ಣ ತಂತಿಜೋಡಣೆ ಸರಿಯಾಗಿ ಬಿಗಿಯಾಗದೆ ಕಾದಿರಬಹುದೆಂದು ತಜ್ಞರೊಬ್ಬರು ಅಭಿಪ್ರಾಯಪಟ್ಟರು. ಫ್ರಿಜ್ಜಿನ ಹಿಂಬದಿಯ ಹಾಳೆ ಉರಿಯುವ ಪ್ಲಾಸ್ಟಿಕ್ಕಿನದಾಗಿರಬಾರದು ಎಂಬ ಒತ್ತಾಯ ಆಮೇಲೆ ಬಲಗೊಂಡಿತು.

ಇಂಥ ಪಾಠಗಳೆಲ್ಲ ಸೇರಿ ರೂಪುಗೊಂಡದ್ದು ‘ಐಇಸಿ 60335’ ಎಂಬ ಮಾನದಂಡ. ಇದಕ್ಕೆ ಒಂದು ಸಾಮಾನ್ಯ ಭಾಗ, ಮತ್ತು ಬೇರೆ ಬೇರೆ ಯಂತ್ರಗಳಿಗೆ ನೂರಕ್ಕೂ ಹೆಚ್ಚು ವಿಶೇಷ ಭಾಗಗಳಿವೆ. ನಮ್ಮ ದೇಶದ ಐಎಸ್ 302 ಮಾನದಂಡವೂ ಇದೇ ಜಾಡಿನದು. ಇದರ ಪರೀಕ್ಷೆಗಳು ಓದಲು ಕುತೂಹಲಕರ. ಮನುಷ್ಯನ ಬೆರಳಿನಂತೆ ಗೆಣ್ಣುಗಳಿರುವ, 12 ಮಿಲಿಮೀಟರ್ ದಪ್ಪ, 80 ಮಿಲಿಮೀಟರ್ ಉದ್ದದ ಲೋಹದ ‘ಪರೀಕ್ಷಾ ಬೆರಳ’ನ್ನು ಯಂತ್ರದ ಪ್ರತಿ ಸಂದಿಯಲ್ಲಿಯೂ ತೂರಿಸಿ ನೋಡುತ್ತಾರೆ. ಅದು ವಿದ್ಯುತ್ತಿರುವ ಭಾಗವನ್ನು ಮುಟ್ಟಿದರೆ ವಿನ್ಯಾಸ ಅನುತ್ತೀರ್ಣ. ಫ್ರಿಜ್, ವಾಷಿಂಗ್ ಮಷೀನುಗಳಂತೆ ಯಾರೂ ಪಕ್ಕದಲ್ಲಿಲ್ಲದಾಗಲೂ ನಡೆಯುವ ಯಂತ್ರಗಳಲ್ಲಿ, 0.2 ಆಂಪಿಯರಿಗಿಂತ ಹೆಚ್ಚು ವಿದ್ಯುತ್ ಹರಿಯುವ ಜೋಡಣೆಗಳನ್ನು ಹಿಡಿದಿರುವ ಪ್ಲಾಸ್ಟಿಕ್ಕಿಗೆ 850 ಡಿಗ್ರಿಗೆ ಕಾಸಿದ ತಂತಿಯನ್ನು ಒತ್ತಿ ಹಿಡಿಯುತ್ತಾರೆ. ಜ್ವಾಲೆ ಹೊತ್ತಿದರೂ ತಂತಿ ತೆಗೆದ ಮೇಲೆ ಅದು ಬೇಗನೆ ತಾನಾಗಿ ಆರಬೇಕು.

ಅಮೆರಿಕದ್ದು ಬೇರೆ ಪರಂಪರೆ. 1893ರ ಷಿಕಾಗೋ ವಿಶ್ವಮೇಳದಲ್ಲಿ ವಿದ್ಯುದ್ದೀಪಗಳ ಬೆಂಕಿಯ ಅಪಾಯವನ್ನು ಪರಿಶೀಲಿಸಲು ಬಂದ ವಿಲಿಯಂ ಹೆನ್ರಿ ಮೆರಿಲ್ ಎಂಬ ಯುವ ಇಂಜಿನಿಯರ್ 1894ರಲ್ಲಿ ಆರಂಭಿಸಿದ ಪರೀಕ್ಷಾಲಯವೇ ಇಂದಿನ ‘ಯುಎಲ್’. ವಿಮಾ ಕಂಪನಿಗಳ ಹಿತದಿಂದ ಹುಟ್ಟಿದ ಈ ಸಂಸ್ಥೆಯ ಮುದ್ರೆಗೆ ಅಲ್ಲಿ ಬಹಳ ಬೆಲೆಯಿದೆ. ಯುರೋಪಿನ ‘ಸಿಇ’ ಗುರುತು, ಇಂಥ ಯಂತ್ರಗಳ ಮಟ್ಟಿಗೆ, ತಾನು ನಿಯಮ ಪಾಲಿಸಿದ್ದೇನೆಂದು ತಯಾರಕನೇ ಮಾಡುವ ಘೋಷಣೆ. ನಮ್ಮ ಐಎಸ್‌ಐ ಮುದ್ರೆಗೆ ಭಾರತೀಯ ಮಾನಕ ಬ್ಯೂರೋದ ಪರವಾನಗಿ ಬೇಕು. ಮೂರನ್ನೂ ಒಂದೇ ಎಂದು ತಿಳಿಯಬಾರದು.

ಕಣ್ಣಿಗೆ ಕಾಣದ ರಸಾಯನಗಳು

ಬಿಡಿಭಾಗದ ಆಕಾರದಂತೆಯೇ ಅದರ ವಸ್ತುವೂ ಪರೀಕ್ಷೆಗೆ ಒಳಗಾಗುತ್ತದೆ. 2006ರ ಜುಲೈ 1ರಿಂದ ಯುರೋಪಿನಲ್ಲಿ ವಿದ್ಯುತ್ ಉಪಕರಣಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದ ಆರು ವಸ್ತುಗಳ ಮೇಲೆ ನಿರ್ಬಂಧ ಬಂತು. ಪರಿಣಾಮವಾಗಿ ಬೆಸುಗೆಯ ಪದ್ಧತಿಯೇ ಬದಲಾಯಿತು. ಸೀಸ ಬೆರೆತ ಬೆಸುಗೆ 183 ಡಿಗ್ರಿಯಲ್ಲಿ ಕರಗುತ್ತಿತ್ತು. ಸೀಸವಿಲ್ಲದ ಹೊಸದು ಸುಮಾರು 217 ಡಿಗ್ರಿಯಲ್ಲಿ ಕರಗುತ್ತದೆ. ಅಷ್ಟು ಶಾಖವನ್ನು ತಾಳಬಲ್ಲ ಬಿಡಿಭಾಗಗಳನ್ನು ಎಲ್ಲರೂ ಹುಡುಕಬೇಕಾಯಿತು.

ಫ್ರಿಜ್ಜಿನ ಅನಿಲವೂ ಹೀಗೆಯೇ. ಓಝೋನ್ ಪದರವನ್ನು ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ನಂತರ ಹಳೆಯ ಅನಿಲಗಳು ಹಿಂದೆ ಸರಿದವು. ಈಗ ವ್ಯಾಪಕವಾಗಿರುವ ಐಸೋಬ್ಯೂಟೇನ್ ಭೂಮಿಗೆ ಹಿತ, ಆದರೆ ಉರಿಯುವ ಗುಣದ್ದು. ಮನೆಯ ಫ್ರಿಜ್ಜಿನಲ್ಲಿ ಅದು 150 ಗ್ರಾಮ್ ಮೀರಬಾರದೆಂದು ಐಇಸಿ ನಿಯಮ. ಅಮೆರಿಕ ಬಹಳ ಕಾಲ 57 ಗ್ರಾಮಿನ ಮಿತಿಯನ್ನು ಹಾಕಿ, 2018ರಲ್ಲಿ 150ಕ್ಕೆ ಒಪ್ಪಿತು. ಒಂದೇ ಅನಿಲಕ್ಕೆ ಎರಡು ದೇಶಗಳಲ್ಲಿ ಎರಡು ಮಿತಿ ಇದ್ದಾಗ ಕೊಳವೆಗಳ ವಿನ್ಯಾಸವೂ ಎರಡಾಗಬೇಕಿತ್ತು. ಅನಿಲ ಸೋರಿದರೂ ಹೊತ್ತಿಕೊಳ್ಳದಂತೆ ಥರ್ಮೋಸ್ಟಾಟ್ ಹಾಗೂ ದೀಪದ ಸ್ವಿಚ್ಚುಗಳು ಕಿಡಿಯಿಂದ ಅಪಾಯವಾಗದಂತೆ ಇರಬೇಕು.

ಒಂದೇ ವಿನ್ಯಾಸ, ಹಲವು ದೇಶ

ದೇಶಕ್ಕೊಂದು ಯಂತ್ರ ಮಾಡುತ್ತ ಹೋದರೆ ಖರ್ಚು ಏರುತ್ತದೆ. ಆದುದರಿಂದ ತಯಾರಕರು ಯಂತ್ರದ ಬಹುಭಾಗವನ್ನು ಸಮಾನವಾಗಿಟ್ಟು, ಬದಲಾಗಲೇಬೇಕಾದ್ದನ್ನು ಮಾತ್ರ ಬೇರೆ ಮಾಡುತ್ತಾರೆ. ವಿದ್ಯುನ್ಮಾನ ತಂತ್ರಜ್ಞಾನ ಈ ಕೆಲಸವನ್ನು ಸುಲಭಗೊಳಿಸಿದೆ. ಮೊಬೈಲ್ ಚಾರ್ಜರಿನ ಮೇಲೆ 100-240 ವೋಲ್ಟ್, 50/60 ಹರ್ಟ್ಸ್ ಎಂದು ಬರೆದಿರುವುದನ್ನು ನೋಡಿ. ಅದು ಯಾವ ದೇಶದ ವಿದ್ಯುತ್ತನ್ನಾದರೂ ಮೊದಲು ಏಕಮುಖಗೊಳಿಸಿ, ಬಳಿಕ ತನಗೆ ಬೇಕಾದಂತೆ ಮಾಡಿಕೊಳ್ಳುತ್ತದೆ. ‘ಇನ್ವರ್ಟರ್’ ಫ್ರಿಜ್, ವಾಷಿಂಗ್ ಮಷೀನುಗಳಲ್ಲಿಯೂ ಇದೇ ತತ್ತ್ವ. ಅಲ್ಲಿ ಮೋಟಾರಿನ ವೇಗವನ್ನು ನಿರ್ಧರಿಸುವುದು ಗೋಡೆಯ ವಿದ್ಯುತ್ತಲ್ಲ, ಒಳಗಿನ ನಿಯಂತ್ರಕ. ಆದರೂ ಅವುಗಳ ವೋಲ್ಟೇಜಿನ ಮಿತಿ ದೇಶಕ್ಕೆ ಸೀಮಿತವಾಗಿರಬಹುದು. ಬರೆದದ್ದನ್ನು ಓದದೆ ಜೋಡಿಸುವಂತಿಲ್ಲ.

ಈ ವಿನ್ಯಾಸದ ಕೆಲಸ ಇಂದು ನಮ್ಮ ನಗರಗಳಲ್ಲಿಯೂ ನಡೆಯುತ್ತಿದೆ. ಪುಣೆಯ ಬಳಿಯ ರಂಜನ್‌ಗಾಂವ್, ಚೆನ್ನೈ ಬಳಿಯ ಶ್ರೀಪೆರಂಬುದೂರುಗಳಲ್ಲಿ ಗೃಹೋಪಯೋಗಿ ಉಪಕರಣಗಳ ದೊಡ್ಡ ಕಾರ್ಖಾನೆಗಳಿವೆ. ನಮ್ಮ ಕುಟುಂಬಗಳ ಎಷ್ಟೋ ಯುವಕ ಯುವತಿಯರು ಇಂಥ ಕ್ಷೇತ್ರದಲ್ಲಿ ದುಡಿಯುತ್ತಿದ್ದಾರೆ. “ಫ್ರಿಜ್ಜಿನ ಬಾಗಿಲಿನ ರಬ್ಬರಿನ ಮೇಲೆ ಕೆಲಸ ಮಾಡುತ್ತೇನೆ” ಎಂದು ಮಗನೋ ಮಗಳೋ ಹೇಳಿದಾಗ ಇಷ್ಟು ಓದಿ ಅದಕ್ಕೇನಾ ಎಂದು ಹಿರಿಯರಿಗೆ ಅನಿಸಬಹುದು. ಆ ರಬ್ಬರಿನ ಹಿಂದೆ ಎಷ್ಟು ಮಕ್ಕಳ ಪ್ರಾಣದ ಲೆಕ್ಕವಿದೆ ಎಂದು ತಿಳಿದವರು ಹಾಗೆ ಕೇಳಲಾರರು.

ಕಳಿಸುವ ಮುನ್ನ ಗಮನಿಸಬೇಕಾದುದು

ಮಕ್ಕಳಿಗೆ ಯಂತ್ರವನ್ನು ಕಳಿಸುವಾಗಲೂ, ಅವರು ಅಲ್ಲಿಂದ ತಂದಾಗಲೂ ಮೊದಲು ಅದರ ತಳದ ಅಥವಾ ಹಿಂಬದಿಯ ಫಲಕವನ್ನು ಓದಬೇಕು. ಕೆಲವು ಅಂಶಗಳು ಇಲ್ಲಿವೆ:

- ದುಬೈ, ಮಸ್ಕತ್, ದೋಹಾ, ಲಂಡನ್, ಸಿಂಗಾಪುರಗಳಲ್ಲಿ ವಿದ್ಯುತ್ತು ಬಹುಮಟ್ಟಿಗೆ ನಮ್ಮಂತೆಯೇ. ಪ್ಲಗ್ ಮಾತ್ರ ಬ್ರಿಟಿಷ್ ಮಾದರಿಯದು. ಆಸ್ಟ್ರೇಲಿಯಾದಲ್ಲಿ ವಿದ್ಯುತ್ತು ನಮ್ಮಂತೆ, ಪಿನ್ನುಗಳು ಓರೆ. ಸೌದಿ ಅರೇಬಿಯಾದಲ್ಲಿ ಆವರ್ತನ 60 ಹರ್ಟ್ಸ್ ಎಂಬುದು ನೆನಪಿರಲಿ.
- ಅಮೆರಿಕ, ಕೆನಡಾಗಳಿಗೆ 110 ಅಥವಾ 120 ವೋಲ್ಟಿಗಾಗಿಯೇ ತಯಾರಾದ ಮಿಕ್ಸಿಗಳು ದೊರೆಯುತ್ತವೆ. ಅವನ್ನೇ ಕೊಳ್ಳುವುದು ಲೇಸು. ಆದರೆ ಅವನ್ನು ಪರೀಕ್ಷಿಸಲೆಂದು ಇಲ್ಲಿನ ಸಾಕೆಟ್ಟಿಗೆ ಹಾಕಬಾರದು.
- ಟ್ರಾನ್ಸ್‌ಫಾರ್ಮರ್ ಬಳಸುವುದಾದರೆ ಅದರ ಸಾಮರ್ಥ್ಯ ಯಂತ್ರದ ವಾಟಿಗಿಂತ ಧಾರಾಳವಾಗಿ ಹೆಚ್ಚಿರಬೇಕು. 750 ವಾಟಿನ ಮಿಕ್ಸಿಗೆ 1000 ವಾಟಿಗೆ ಕಡಿಮೆಯದು ಸಲ್ಲದು.
- ಇಂಡಕ್ಷನ್ ಮೋಟಾರಿನ ವೆಟ್ ಗ್ರೈಂಡರ್‌ಗೆ ಟ್ರಾನ್ಸ್‌ಫಾರ್ಮರಿನಿಂದ ಪೂರ್ಣ ಪರಿಹಾರವಿಲ್ಲ. 60 ಹರ್ಟ್ಸಿನ ಮಾದರಿಯನ್ನೇ ಕೇಳಿ ಪಡೆಯಬೇಕು.
- ಪ್ರವಾಸದ ಅಡಾಪ್ಟರು ಪಿನ್ನಿನ ಆಕಾರವನ್ನು ಮಾತ್ರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಅರ್ತಿಂಗ್ ಇಲ್ಲದ ಅಡಾಪ್ಟರಿಗೆ ಮೂರು ಪಿನ್ನಿನ ಯಂತ್ರವನ್ನು ಜೋಡಿಸಬಾರದು. ಒಂದರೊಳಗೊಂದು ಎರಡು ಚೌಕಗಳ ಗುರುತು ಫಲಕದ ಮೇಲಿದ್ದರೆ ಆ ಯಂತ್ರಕ್ಕೆ ಎರಡು ಪದರದ ರಕ್ಷಣೆಯಿದ್ದು, ಅರ್ತಿಂಗ್ ಬೇಕಾಗಿಲ್ಲ.
- ಸಾಕೆಟ್ಟಿಗೆ ಹೊಂದಲಿಲ್ಲವೆಂದು ಮೂರನೆಯ ಪಿನ್ನನ್ನು ಮುರಿಯುವುದು, ಬರಿಯ ತಂತಿಗಳನ್ನು ಕಡ್ಡಿ ಸಿಕ್ಕಿಸಿ ಜೋಡಿಸುವುದು ನಮ್ಮ ಮನೆಗಳಲ್ಲಿ ಇನ್ನೂ ಕಾಣಸಿಗುವ ಅಭ್ಯಾಸ. ಇದು ಸ್ವದೇಶದಲ್ಲಿಯೂ ಪರದೇಶದಲ್ಲಿಯೂ ಸಮಾನವಾಗಿ ಅಪಾಯಕಾರಿ.

ಫಲಕದ ಮೇಲಿನ ನಾಲ್ಕು ಸಾಲುಗಳನ್ನು ಓದಲು ಒಂದು ನಿಮಿಷ ಸಾಕು. ಸಂದೇಹವಿದ್ದಲ್ಲಿ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ತಿಳಿದುಕೊಂಡು, ಆ ಬಳಿಕವೇ ಪೆಟ್ಟಿಗೆ ಕಟ್ಟುವುದು ಒಳಿತು.